ಲೂಥರ್ ಕೇಳಿದ್ದು ಸಿಕ್ಕಿದೆ, ಆದರೂ ಪೋಪ್ ವಿಷಯದಲ್ಲಿ ಯಾಕೆ ಒಮ್ಮತವಿಲ್ಲ?

2025ರ ಅಕ್ಟೋಬರ್ 23ರಂದು ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಬ್ರಿಟನ್ನಿನ ರಾಜ 3ನೇ ಚಾರ್ಲ್ಸ್ ಮತ್ತು ಪೋಪ್ 14ನೇ ಲಿಯೋ ಒಟ್ಟಿಗೆ ಪ್ರಾರ್ಥನೆ ಮಾಡಿದರು. ಚಾರ್ಲ್ಸ್ ಬರೀ ರಾಜ ಅಲ್ಲ, ಚರ್ಚ್ ಆಫ್ ಇಂಗ್ಲೆಂಡಿನ ಪರಮೋಚ್ಚ ಆಡಳಿತಗಾರ ಕೂಡ. 1534ರಲ್ಲಿ 8ನೇ ಹೆನ್ರಿ ರೋಮ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಬ್ರಿಟನ್ನಿನ ರಾಜರೊಬ್ಬರು ಪೋಪ್ ಪಕ್ಕದಲ್ಲಿ ನಿಂತು ಎಲ್ಲರೆದುರು ಪ್ರಾರ್ಥಿಸಿದ್ದು ಇದೇ ಮೊದಲು. ಪ್ರಾರ್ಥನೆ ನಡೆಸಿಕೊಟ್ಟವರು ಪೋಪ್ ಲಿಯೋ ಮತ್ತು ಯಾರ್ಕಿನ ಆರ್ಚ್‌ಬಿಷಪ್ ಸ್ಟೀಫನ್ ಕಾಟ್ರೆಲ್. ಅದೇ ದಿನ ರೋಮಿನ ಸಂತ ಪೌಲರ ಬೆಸಿಲಿಕಾದಲ್ಲಿ ರಾಜನಿಗೆ ಒಂದು ವಿಶೇಷ ಆಸನ ಕೊಟ್ಟರು. ಅದರ ಮೇಲೆ ಯೋಹಾನನ ಸುವಾರ್ತೆಯಲ್ಲಿ ಯೇಸು ಮಾಡಿದ ಪ್ರಾರ್ಥನೆಯ ಮಾತಿತ್ತು: ಎಲ್ಲರೂ ಒಂದಾಗಿರಲಿ.

ಆ ಫೋಟೊ ನೋಡಿ ಎಷ್ಟೋ ಕ್ರೈಸ್ತರಿಗೆ ಖುಷಿಯಾಯಿತು. ಕೆಲವರಿಗೆ ಸಿಟ್ಟೂ ಬಂತು. ಪ್ರೊಟೆಸ್ಟೆಂಟ್ ನಂಬಿಕೆಯನ್ನು ಕಾಪಾಡುತ್ತೇನೆ ಎಂದು ಪಟ್ಟಾಭಿಷೇಕದಲ್ಲಿ ಪ್ರಮಾಣ ಮಾಡಿದ ರಾಜ ಹೀಗೆ ಮಾಡಬಹುದೇ ಎಂದು ಕೇಳಿದರು. ಎರಡೂ ಮನಸ್ಸಿನ ಆಳದಿಂದ ಬಂದ ಪ್ರತಿಕ್ರಿಯೆಗಳೇ. ಆದರೆ ಒಂದು ಸಂಗತಿಯನ್ನು ಎರಡೂ ಕಡೆಯವರು ಗಮನಿಸಬೇಕು. ಅಲ್ಲಿ ನಡೆದದ್ದು ಮಧ್ಯಾಹ್ನದ ಪ್ರಾರ್ಥನೆ, ಬಲಿಪೂಜೆ ಅಲ್ಲ. ಒಟ್ಟಿಗೆ ಹಾಡಬಹುದು, ಒಟ್ಟಿಗೆ ಕೀರ್ತನೆ ಓದಬಹುದು. ಒಂದೇ ಪೀಠದಿಂದ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವಂತಿಲ್ಲ. ಇವತ್ತಿಗೆ ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟರ ನಡುವಿನ ಐಕ್ಯ ಬಂದು ನಿಂತಿರುವುದು ಇಲ್ಲಿ.

ಇದಕ್ಕೆಲ್ಲ ಕಾರಣ 1517ರ ಜಗಳ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್, ಹಣ ಕೊಟ್ಟರೆ ಸಿಗುತ್ತಿದ್ದ ಪಾಪವಿಮೋಚನಾ ಪತ್ರ, ಅದರ ವಿರುದ್ಧ ಅವರು ಬರೆದ 95 ವಾದಗಳು, ಅಷ್ಟೇ ಅಲ್ವಾ? ನನ್ನ ಅಭಿಪ್ರಾಯ ಬೇರೆ. ಪಾಪಿಯನ್ನು ದೇವರು ಅಂಗೀಕರಿಸುವುದು ಹೇಗೆ ಎಂದು ಲೂಥರ್ ಎತ್ತಿದ ಮುಖ್ಯ ಪ್ರಶ್ನೆಗೆ ಕಾಗದದ ಮೇಲಾದರೂ ಹೆಚ್ಚುಕಡಿಮೆ ಉತ್ತರ ಸಿಕ್ಕಿದೆ. ಈಗ ಅಡ್ಡ ಬಂದಿರುವ ಗೋಡೆಯ ದೊಡ್ಡ ಭಾಗ ಕಟ್ಟಿದ್ದು 1870ರಲ್ಲಿ. ಇನ್ನೊಂದು ಭಾಗವನ್ನು ಪ್ರೊಟೆಸ್ಟೆಂಟ್ ಸಭೆಗಳೇ (ಚರ್ಚುಗಳೇ) ತಮ್ಮ ಒಳಗಿನ ಒಡಕಿನಿಂದ ಕಟ್ಟಿಕೊಳ್ಳುತ್ತಿವೆ.

ಬಂಡೆ ಯಾರು?

ಮೊದಲು ಬೈಬಲ್ಲಿಗೆ ಬರೋಣ. ಮತ್ತಾಯ 16ರಲ್ಲಿ ಯೇಸು ಪೇತ್ರನಿಗೆ, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು ಎನ್ನುತ್ತಾನೆ. ಪರಲೋಕ ರಾಜ್ಯದ ಬೀಗದ ಕೈಗಳನ್ನು ಕೊಡುವ ಮಾತೂ ಅಲ್ಲೇ ಬರುತ್ತದೆ. ಯೋಹಾನ 21ರಲ್ಲಿ, ನನ್ನ ಕುರಿಗಳನ್ನು ಮೇಯಿಸು ಎಂದು ಅದೇ ಪೇತ್ರನಿಗೆ ಹೇಳುತ್ತಾನೆ. ಕ್ಯಾಥೋಲಿಕರಿಗೆ ಇದು ಪೇತ್ರನಿಗೂ ಅವನ ನಂತರ ರೋಮಿನ ಬಿಷಪ್ ಆದವರಿಗೂ ಸಿಕ್ಕ ಹೊಣೆ.

ಪ್ರೊಟೆಸ್ಟೆಂಟರು ಬೇರೆ ಎರಡು ಅಧ್ಯಾಯ ತೆರೆಯುತ್ತಾರೆ. ಗಲಾತ್ಯ 2ರಲ್ಲಿ ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಎದುರಾಎದುರು ತಪ್ಪು ಎಂದು ಖಂಡಿಸುತ್ತಾನೆ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಸೇರಿದಾಗ ಪೇತ್ರ ಮಾತಾಡುತ್ತಾನೆ ನಿಜ, ಆದರೆ ಕೊನೆಗೆ ತೀರ್ಮಾನದ ಮಾತು ಹೇಳುವವನು ಯಾಕೋಬ. ಹಾಗಿದ್ದರೆ ಪೇತ್ರ ಎಲ್ಲರಿಗಿಂತ ಮುಂದಿದ್ದವನು ಹೌದು, ಎಲ್ಲರ ಮೇಲೆ ಇದ್ದವನು ಅಲ್ಲ ಎಂಬುದು ಅವರ ವಾದ. ಬಂಡೆ ಎಂದರೆ ಪೇತ್ರ ಎಂಬ ವ್ಯಕ್ತಿಯೋ, ಅವನು ಬಾಯಿಬಿಟ್ಟು ಹೇಳಿದ ನಂಬಿಕೆಯೋ, ಕ್ರಿಸ್ತನೋ? ಸಂತ ಅಗಸ್ಟೀನ್ ಕೂಡ ಎರಡು ರೀತಿ ವಿವರಿಸಿದ್ದರು. ಕೊನೆಗಾಲದಲ್ಲಿ ತಮ್ಮ ಬರಹಗಳನ್ನು ಮತ್ತೆ ನೋಡುವಾಗ, ಯಾವುದು ಸರಿ ಎಂಬುದನ್ನು ಓದುಗರೇ ಆರಿಸಿಕೊಳ್ಳಲಿ ಎಂದು ಬರೆದರು. ಲ್ಯಾಟಿನ್ ಸಭೆಯ ಅತಿ ದೊಡ್ಡ ಚಿಂತಕರೇ ತೆರೆದಿಟ್ಟ ಪ್ರಶ್ನೆಯನ್ನು ಒಂದು ವಚನ ತೋರಿಸಿ ಮುಚ್ಚಿಬಿಡುತ್ತೇವೆ ಎನ್ನುವುದು ಯಾವ ಕಡೆಯವರಿಗೂ ಒಪ್ಪುವ ಮಾತಲ್ಲ.

ಮೊದಲ ಶತಮಾನಗಳ ಇತಿಹಾಸವೂ ಹೀಗೆಯೇ, ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 250ರ ದಶಕದಲ್ಲಿ ರೋಮಿನ ಬಿಷಪ್ ಸ್ಟೀಫನ್‌ಗೂ ಕಾರ್ತೇಜಿನ ಬಿಷಪ್ ಸಿಪ್ರಿಯಾನ್‌ಗೂ ದೊಡ್ಡ ತಕರಾರು ನಡೆಯಿತು. ಒಡೆದುಹೋದ ಗುಂಪುಗಳಲ್ಲಿ ದೀಕ್ಷಾಸ್ನಾನ ಪಡೆದವರು ವಾಪಸ್ ಬಂದರೆ ಮತ್ತೆ ದೀಕ್ಷಾಸ್ನಾನ ಕೊಡಬೇಕೋ ಬೇಡವೋ ಎಂಬುದು ಪ್ರಶ್ನೆ. ಬೇಡ ಎಂದರು ಸ್ಟೀಫನ್. ಸಿಪ್ರಿಯಾನ್ 256ರಲ್ಲಿ ಆಫ್ರಿಕಾದ ಬಿಷಪ್‌ಗಳನ್ನು ಸೇರಿಸಿ, ನಮ್ಮಲ್ಲಿ ಯಾರೂ ಬಿಷಪ್‌ಗಳ ಬಿಷಪ್ ಅಲ್ಲ ಎಂದು ಹೇಳಿ ರೋಮಿನ ಮಾತನ್ನು ತಳ್ಳಿಹಾಕಿದರು. ರೋಮನ್ನು ವಿರೋಧಿಸಿಯೂ ಸಂತನಾಗಿ ಉಳಿಯಬಹುದು ಎಂಬುದಕ್ಕೆ ಇದು ಉದಾಹರಣೆ ಎನ್ನುತ್ತಾರೆ ಪ್ರೊಟೆಸ್ಟೆಂಟರು. ಆದರೆ ಕಾಲ ಕಳೆದಂತೆ ಪಶ್ಚಿಮದ ಸಭೆಯಲ್ಲಿ ಗೆದ್ದದ್ದು ಸ್ಟೀಫನ್ ಮಾತೇ ಎಂದು ಕ್ಯಾಥೋಲಿಕರು ನೆನಪಿಸುತ್ತಾರೆ. ಎರಡೂ ನಿಜ.

6ನೇ ಶತಮಾನದ ಕೊನೆಯಲ್ಲಿ ಪೋಪ್ 1ನೇ ಗ್ರೆಗೊರಿ ಇನ್ನೂ ಗಟ್ಟಿ ಮಾತಾಡಿದರು. ಕಾನ್‌ಸ್ಟಾಂಟಿನೋಪಲ್‌ನ ಧರ್ಮಗುರು ಇಡೀ ಜಗತ್ತಿನ ಬಿಷಪ್ ಎಂಬ ಅರ್ಥ ಬರುವ ಬಿರುದು ಬಳಸಿದಾಗ, ಹಾಗೆ ಕರೆಸಿಕೊಳ್ಳುವವನು ಕ್ರಿಸ್ತವಿರೋಧಿಗೆ ದಾರಿ ಮಾಡುವವನು ಎಂದು ಬರೆದರು. ಸುಮಾರು ಸಾವಿರ ವರ್ಷದ ನಂತರ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದೇ ಗ್ರೆಗೊರಿಯನ್ನು ಪೋಪ್‌ಗಳ ವಿರುದ್ಧ ಸಾಕ್ಷಿಯಾಗಿ ಕರೆದರು. ಬಿರುದು ಬೇಡ ಎಂದ ಗ್ರೆಗೊರಿ ದೂರದ ಸಭೆಗಳ ವಿಷಯದಲ್ಲಿ ಅಧಿಕಾರ ನಡೆಸಿದ್ದೂ ಹೌದು. ಈ ಭಾಗವನ್ನು ಕ್ಯಾಲ್ವಿನ್ ಓದುಗರು ಬೇಗ ಮರೆಯುತ್ತಾರೆ.

ಲೂಥರ್ ಇಟ್ಟ ಷರತ್ತು

ಪೋಪ್ ಎಂದರೆ ಕ್ರಿಸ್ತವಿರೋಧಿ ಎಂದು ಲೂಥರ್ ಬರೆದದ್ದು ಎಲ್ಲರಿಗೂ ಗೊತ್ತು. 1520ರ ಡಿಸೆಂಬರ್ 10ರಂದು ವಿಟೆನ್‌ಬರ್ಗ್‌ನ ಊರಬಾಗಿಲ ಹೊರಗೆ ಪೋಪ್ 10ನೇ ಲಿಯೋ ಅವರ ಆಜ್ಞಾಪತ್ರವನ್ನು ಬೆಂಕಿಗೆ ಹಾಕಿದರು. 1521ರ ಜನವರಿ 3ರಂದು ಬಹಿಷ್ಕಾರ ಬಂತು. ಆದರೆ ಇದೇ ಲೂಥರ್ 1530ರ ದಶಕದಲ್ಲಿ ಗಲಾತ್ಯ ಪತ್ರಿಕೆಯ ಮೇಲೆ ಕೊಟ್ಟ ಪಾಠಗಳಲ್ಲಿ ಇನ್ನೊಂದು ಮಾತು ಹೇಳಿದ್ದಾರೆ. ದೇವರೊಬ್ಬನೇ ಕ್ರಿಸ್ತನ ಮೂಲಕ, ಬರೀ ಕೃಪೆಯಿಂದ ಪಾಪಿಯನ್ನು ನೀತಿವಂತನೆಂದು ಎಣಿಸುತ್ತಾನೆ ಎಂಬುದನ್ನು ಪೋಪ್ ಒಪ್ಪಿದರೆ, ಅವರನ್ನು ಕೈಮೇಲೆ ಹೊತ್ತುಕೊಂಡು ಹೋಗುತ್ತೇವೆ, ಅವರ ಪಾದಕ್ಕೂ ಮುತ್ತಿಡುತ್ತೇವೆ. ಇದು ಸಣ್ಣ ಮಾತಲ್ಲ. ಲೂಥರ್‌ಗೆ ಸುವಾರ್ತೆ ಮೊದಲು, ಪೋಪ್ ಪ್ರಶ್ನೆ ಆಮೇಲೆ.

ಲೂಥರ್ ಸಂಗಡಿಗ ಮೆಲಾಂಕ್ಥಾನ್ ಇದನ್ನು ಇನ್ನೂ ಸ್ಪಷ್ಟ ಮಾಡಿದರು. 1537ರಲ್ಲಿ ಲೂಥರ್ ಬರೆದ ಶ್ಮಾಲ್‌ಕಾಲ್ಡ್ ವಿಧಿಗಳಿಗೆ, ಅಂದರೆ ಲೂಥರನ್ ನಂಬಿಕೆಯ ಒಂದು ದಾಖಲೆಗೆ, ದೇವಶಾಸ್ತ್ರಿಗಳು ಸಹಿ ಹಾಕಿದರು. ಅದರಲ್ಲಿ ಪೋಪ್ ವಿರುದ್ಧ ಬಹಳ ಕಟು ಮಾತುಗಳಿವೆ. ಮೆಲಾಂಕ್ಥಾನ್ ಸಹಿ ಜೊತೆಗೆ ಒಂದು ಸಾಲು ಸೇರಿಸಿದರು: ಪೋಪ್ ಸುವಾರ್ತೆಗೆ ಅವಕಾಶ ಕೊಟ್ಟರೆ, ಶಾಂತಿಗಾಗಿ ಮತ್ತು ಕ್ರೈಸ್ತರ ಐಕ್ಯಕ್ಕಾಗಿ, ಬಿಷಪ್‌ಗಳ ಮೇಲೆ ಅವರಿಗಿರುವ ಹಿರಿತನವನ್ನು ನಾವೂ ಒಪ್ಪಬಹುದು. ಆದರೆ ಅದು ದೇವರು ಕೊಟ್ಟ ಹಕ್ಕಲ್ಲ, ಮನುಷ್ಯರು ಮಾಡಿಕೊಂಡ ಏರ್ಪಾಡು. ಸುಮಾರು ಐದು ಶತಮಾನದ ಹಿಂದೆ ಒಂಟಿಯಾಗಿ ನಿಂತ ಆ ಒಂದು ಸಾಲನ್ನು ಇಪ್ಪತ್ತನೇ ಶತಮಾನದ ಲೂಥರನ್ ದೇವಶಾಸ್ತ್ರಿಗಳು ಮತ್ತೆ ಮತ್ತೆ ಓದಿದರು. ಅಮೆರಿಕದ ಲೂಥರನ್-ಕ್ಯಾಥೋಲಿಕ್ ಮಾತುಕತೆ 1970ರ ದಶಕದಲ್ಲಿ ಪೋಪ್ ಹಿರಿತನದ ಬಗ್ಗೆ ಹೊರತಂದ ಹೇಳಿಕೆಯ ಹಿಂದೆ ಇದೇ ಎಳೆ ಇದೆ. ಇಡೀ ಸಭೆಯ ಐಕ್ಯಕ್ಕಾಗಿ ದುಡಿಯುವ ಒಂದು ಸೇವೆ ಬೇಕು, ಸುವಾರ್ತೆಗೆ ಅಧೀನವಾಗಿ ಅದನ್ನು ಸುಧಾರಿಸಿದರೆ ರೋಮಿನ ಬಿಷಪ್ ಅದನ್ನು ಮಾಡಬಹುದು ಎಂದು ಯೋಚಿಸಲು ಆ ಲೂಥರನ್ನರು ಸಿದ್ಧರಾದರು.

ಲೂಥರ್ ಷರತ್ತು ಏನಾಯಿತು? 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಬರೀ ಕೃಪೆಯಿಂದ, ಕ್ರಿಸ್ತನ ರಕ್ಷಣಾ ಕಾರ್ಯದ ಮೇಲಿನ ನಂಬಿಕೆಯಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಈ ಘೋಷಣೆಯಲ್ಲಿ ವಿವರಿಸಿದ ಬೋಧನೆಗೆ 16ನೇ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲ ಎಂದೂ ಒಪ್ಪಿಕೊಂಡರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಸೇರಿಕೊಂಡವು. ಎಲ್ಲರೂ ಒಪ್ಪಲಿಲ್ಲ. ಜರ್ಮನಿಯಲ್ಲೇ ನೂರಕ್ಕೂ ಜಾಸ್ತಿ ದೇವಶಾಸ್ತ್ರ ಪ್ರಾಧ್ಯಾಪಕರು ವಿರೋಧಿಸಿದರು. ಅಮೆರಿಕದ ಮಿಸ್ಸೌರಿ ಸಿನೊಡ್ ಲೂಥರನ್ನರು ದೂರ ನಿಂತರು. ಘೋಷಣೆಯ ಮಾತು ಜಾಣತನದ್ದು, ಕೃಪೆ ಮತ್ತು ಸತ್ಕಾರ್ಯಗಳ ಬಗ್ಗೆ ನಿಜವಾದ ಭಿನ್ನಾಭಿಪ್ರಾಯ ಹಾಗೇ ಉಳಿದಿದೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೂ ಲೂಥರನ್ ಜಗತ್ತಿನ ದೊಡ್ಡ ಭಾಗದ ಮಟ್ಟಿಗೆ ಲೂಥರ್ ಇಟ್ಟ ಷರತ್ತು ಹೆಚ್ಚುಕಡಿಮೆ ಪೂರೈಸಿದೆ.

ಹಾಗಿದ್ದರೂ ಯಾರೂ ಪೋಪ್‌ರನ್ನು ಕೈಮೇಲೆ ಹೊರಲಿಲ್ಲ. ಯಾಕೆಂದರೆ ಮಧ್ಯದಲ್ಲಿ 1870 ಬಂದುಹೋಗಿತ್ತು.

ಗುಡುಗಿನ ದಿನ

1870ರ ಜುಲೈ 18. ಮೊದಲ ವ್ಯಾಟಿಕನ್ ಮಹಾಸಭೆ. ಹೊರಗೆ ಗುಡುಗು, ಮಿಂಚು, ಮಳೆ. ಒಳಗೆ ಪೋಪ್ ಅಧಿಕಾರದ ಬಗೆಗಿನ ಬೋಧನೆಗೆ ಮತ ಹಾಕಲು ಬಿಷಪ್‌ಗಳ ಹೆಸರು ಒಂದೊಂದಾಗಿ ಕೂಗುತ್ತಿದ್ದರು. 533 ಮಂದಿ ಒಪ್ಪಿಗೆ ಎಂದರು, ಇಬ್ಬರು ಮಾತ್ರ ಇಲ್ಲ ಎಂದರು. ಒಬ್ಬರು ಇಟಲಿಯವರು, ಇನ್ನೊಬ್ಬರು ಅಮೆರಿಕದ ಲಿಟ್ಲ್ ರಾಕ್‌ನ ಬಿಷಪ್ ಫಿಟ್ಜ್‌ಜೆರಾಲ್ಡ್. ತೀರ್ಪು ಬಂದ ಕೂಡಲೇ ಅವರಿಬ್ಬರೂ ಒಪ್ಪಿಕೊಂಡರು.

ಈ ಲೆಕ್ಕ ನೋಡಿ ಎಲ್ಲರೂ ಒಮ್ಮನಸ್ಸಿನಲ್ಲಿದ್ದರು ಎಂದುಕೊಳ್ಳಬೇಡಿ. ಐದು ದಿನ ಮೊದಲು ನಡೆದ ಪ್ರಾಥಮಿಕ ಮತದಾನದಲ್ಲಿ 451 ಮಂದಿ ಒಪ್ಪಿಗೆ, 88 ಮಂದಿ ವಿರೋಧ, 62 ಮಂದಿ ತಿದ್ದುಪಡಿ ಮಾಡಿದರೆ ಒಪ್ಪಿಗೆ ಎಂದಿದ್ದರು. ಪೋಪ್ ಎದುರಿಗೇ ಇಲ್ಲ ಎನ್ನಲು ಮನಸ್ಸಾಗದೆ ಹಲವು ಬಿಷಪ್‌ಗಳು ಕೊನೆಯ ಮತದಾನಕ್ಕೆ ಮೊದಲೇ ರೋಮ್ ಬಿಟ್ಟು ಹೊರಟರು. ಈ ತೀರ್ಮಾನ ಒಪ್ಪದ ಒಂದು ಗುಂಪು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಓಲ್ಡ್ ಕ್ಯಾಥೋಲಿಕರಾಗಿ ಬೇರೆಯಾಯಿತು.

ಆ ದಿನ ತೀರ್ಮಾನವಾದದ್ದು ಎರಡು ವಿಷಯ. ಜನ ಬರೀ ಒಂದನ್ನೇ ನೆನಪಿಟ್ಟುಕೊಂಡಿದ್ದಾರೆ: ಪೋಪ್ ತಪ್ಪಲಾರರು ಎಂಬುದು. ಇದರಲ್ಲಿ ತಪ್ಪು ತಿಳಿವಳಿಕೆ ತುಂಬಾ ಇದೆ. ಪೋಪ್ ಸಂದರ್ಶನದಲ್ಲಿ, ವಿಮಾನದಲ್ಲಿ, ರಾಜಕೀಯದ ಬಗ್ಗೆ ಹೇಳುವ ಮಾತಿಗೆ ಇದು ಅನ್ವಯಿಸುವುದಿಲ್ಲ. ನಂಬಿಕೆ ಅಥವಾ ನೈತಿಕತೆಯ ಬಗ್ಗೆ, ಇಡೀ ಸಭೆಗೆ ಬದ್ಧವಾಗುವಂತೆ, ತಮ್ಮ ಪೂರ್ಣ ಅಧಿಕಾರ ಬಳಸಿ ಹೇಳಿದಾಗ ಮಾತ್ರ. 1870ರ ನಂತರ ಹೀಗೆ ಹೇಳಿದ್ದು ಒಂದೇ ಸಲ, 1950ರಲ್ಲಿ. ಮರಿಯಮ್ಮನವರನ್ನು ದೇಹ ಮತ್ತು ಆತ್ಮ ಸಹಿತ ಸ್ವರ್ಗಕ್ಕೆ ಕರೆದುಕೊಳ್ಳಲಾಯಿತು ಎಂದು 12ನೇ ಪಿಯುಸ್ ಘೋಷಿಸಿದರು. ಆದರೆ ಆ ಬೋಧನೆಯಲ್ಲಿ ಪ್ರೊಟೆಸ್ಟೆಂಟರಿಗೂ ಪೂರ್ವದ ಆರ್ಥೊಡಾಕ್ಸ್ ಸಭೆಗಳವರಿಗೂ ಗಂಟಲಲ್ಲಿ ಇಳಿಯದ ಒಂದು ಮಾತಿದೆ: ಪೋಪ್‌ರ ಅಂಥ ತೀರ್ಮಾನಗಳು ತಮ್ಮಷ್ಟಕ್ಕೇ ಬದಲಾಯಿಸಲಾಗದವು, ಸಭೆಯ ಸಮ್ಮತಿಯಿಂದ ಅಲ್ಲ.

ಎರಡನೆಯದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಲೋಕದ ಪ್ರತಿಯೊಂದು ಸಭೆಯ ಮೇಲೆ, ಪ್ರತಿಯೊಬ್ಬ ಬಿಷಪ್ ಮತ್ತು ವಿಶ್ವಾಸಿಯ ಮೇಲೆ ಪೋಪ್‌ಗೆ ಪೂರ್ಣ ಮತ್ತು ನೇರ ಅಧಿಕಾರ ಇದೆ ಎಂಬುದು. ತಪ್ಪಲಾರರು ಎಂಬ ಬೋಧನೆ ನೂರು ವರ್ಷಕ್ಕೊಮ್ಮೆ ಬಳಕೆಗೆ ಬಂದರೆ ಹೆಚ್ಚು. ಈ ಅಧಿಕಾರ ದಿನಾ ಬಳಕೆಯಲ್ಲಿದೆ. 1983ರ ಕ್ಯಾಥೋಲಿಕ್ ಕಾನೂನು ಸಂಹಿತೆ ತೆರೆದು ನೋಡಿ. 331ನೇ ವಿಧಿ ಪ್ರಕಾರ ಪೋಪ್ ಈ ಅಧಿಕಾರವನ್ನು ಯಾವಾಗಲೂ ಸ್ವತಂತ್ರವಾಗಿ ಚಲಾಯಿಸಬಹುದು. 333ನೇ ವಿಧಿ ಪ್ರಕಾರ ಅವರ ತೀರ್ಪಿನ ವಿರುದ್ಧ ಮೇಲ್ಮನವಿ ಇಲ್ಲ. 1404ನೇ ವಿಧಿ ಪ್ರಕಾರ ಅವರನ್ನು ಯಾರೂ ವಿಚಾರಿಸುವಂತಿಲ್ಲ. ತಮ್ಮ ಬಿಷಪ್‌ಗಳನ್ನು ತಾವೇ ಆರಿಸಿಕೊಳ್ಳುವ, ತಮ್ಮ ಆಡಳಿತ ಸಭೆಯಾದ ಸಿನೊಡ್‌ನಲ್ಲಿ ಸಾಮಾನ್ಯ ವಿಶ್ವಾಸಿಗಳೂ ಮತ ಹಾಕುವ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯ) ಅಥವಾ ಲೂಥರನ್ ಸಭೆಗೆ ಈ ಮೂರು ವಿಧಿಗಳನ್ನು ತೋರಿಸಿ, ಬನ್ನಿ ಒಂದಾಗೋಣ ಎಂದರೆ ಏನು ಹೇಳಬೇಕು? ಅವರಿಗೆ ಒಬ್ಬ ಹಿರಿಯಣ್ಣ ಬೇಕಿರಬಹುದು. ಕಾನೂನು ಪುಸ್ತಕದಲ್ಲಿ ಕಾಣುವುದು ಮನೆಯ ಯಜಮಾನ.

ಇಲ್ಲಿ ಇತಿಹಾಸದ ಒಂದು ಅವಘಡವನ್ನೂ ಹೇಳಲೇಬೇಕು. 1870ರ ಮಹಾಸಭೆ ಪೋಪ್ ಬಗ್ಗೆ ತೀರ್ಮಾನಿಸಿದ ಮೇಲೆ ಬಿಷಪ್‌ಗಳ ಅಧಿಕಾರದ ಬಗ್ಗೆಯೂ ಮಾತಾಡಬೇಕಿತ್ತು. ಮಾರನೇ ದಿನವೇ ಫ್ರಾನ್ಸ್-ಪ್ರಷ್ಯಾ ಯುದ್ಧ ಶುರುವಾಯಿತು. ಸೆಪ್ಟೆಂಬರ್ 20ಕ್ಕೆ ಇಟಲಿಯ ಸೇನೆ ರೋಮನ್ನು ವಶಪಡಿಸಿಕೊಂಡಿತು. ಮಹಾಸಭೆ ಅರ್ಧಕ್ಕೇ ನಿಂತಿತು. ಪೋಪ್ ಬಗೆಗಿನ ಬೋಧನೆ ಒಂದೇ ಕಾಲಿನ ಮೇಲೆ ನಿಂತು ಸುಮಾರು ನೂರು ವರ್ಷ ಕಳೆಯಿತು. ಬಿಷಪ್‌ಗಳೆಲ್ಲ ಪೋಪ್ ಜೊತೆಗೂಡಿ ಇಡೀ ಸಭೆಯ ಹೊಣೆ ಹೊರುತ್ತಾರೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು 1964ರಲ್ಲಿ. ಹೇಳಿತು ಸರಿ, ಆದರೆ 1870ರ ಒಂದು ಅಕ್ಷರವನ್ನೂ ತೆಗೆಯಲಿಲ್ಲ.

ಯಾರು ಎಲ್ಲಿ ನಿಂತಿದ್ದಾರೆ

ಪ್ರೊಟೆಸ್ಟೆಂಟರ ನಿಲುವು ಎಂದು ಒಂದೇ ಮಾತಲ್ಲಿ ಹೇಳುವುದು ತಪ್ಪಾಗುತ್ತದೆ. ರೋಮಿಗೆ ಅತಿ ಹತ್ತಿರ ಬಂದವರು ಆಂಗ್ಲಿಕನ್ನರು. 1966ರ ಮಾರ್ಚ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆ ರೋಮಿಗೆ ಹೋದಾಗ ಪೋಪ್ 6ನೇ ಪಾಲ್ ತಮ್ಮ ಬೆರಳಿನ ಉಂಗುರ ತೆಗೆದು ಅವರಿಗೆ ತೊಡಿಸಿದರು. ಬಿಷಪ್ ಒಬ್ಬರು ಬಿಷಪ್ ಉಂಗುರವನ್ನು ಇನ್ನೊಬ್ಬರಿಗೆ ಕೊಟ್ಟರೆ ಅದರ ಅರ್ಥ ಏನು? ಆದರೆ ಆಂಗ್ಲಿಕನ್ ಬಿಷಪ್ ಮತ್ತು ಪಾದ್ರಿಗಳ ದೀಕ್ಷೆ ಸಂಪೂರ್ಣ ಅಸಿಂಧು ಎಂದು 1896ರಲ್ಲಿ 13ನೇ ಲಿಯೋ ಹೇಳಿದ್ದು ಇವತ್ತಿಗೂ ಜಾರಿಯಲ್ಲಿದೆ. ಕೈ ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ. ಆಂಗ್ಲಿಕನ್ ಕಡೆಯಲ್ಲೂ ಹೀಗೇ ಇದೆ. 1999ರಲ್ಲಿ ಎರಡೂ ಸಭೆಗಳ ಜಂಟಿ ಆಯೋಗ, ಪೂರ್ತಿ ಒಂದಾಗುವ ಮೊದಲೇ ರೋಮಿನ ಬಿಷಪ್‌ರ ಜಾಗತಿಕ ಸೇವೆಯನ್ನು ಆಂಗ್ಲಿಕನ್ನರು ಸ್ವೀಕರಿಸಬಹುದು ಎಂಬಷ್ಟು ದೂರ ಹೋಯಿತು. ಅತ್ತ, ರೋಮಿನ ಬಿಷಪ್‌ಗೆ ಇಂಗ್ಲೆಂಡಿನಲ್ಲಿ ಯಾವ ಅಧಿಕಾರವೂ ಇಲ್ಲ ಎನ್ನುವ, ಚರ್ಚ್ ಆಫ್ ಇಂಗ್ಲೆಂಡಿನ ನಂಬಿಕೆಯ ವಿಧಿಗಳಲ್ಲಿ 37ನೆಯದು ಹಾಗೇ ಇದೆ.

ರಿಫಾರ್ಮ್ಡ್ ಮತ್ತು ಪ್ರೆಸ್ಬಿಟೇರಿಯನ್ನರ ತಕರಾರು ಬರೀ ಪೋಪ್ ಮೇಲಲ್ಲ. ಒಬ್ಬ ವ್ಯಕ್ತಿಯ ಕೈಯಲ್ಲಿ ಅಧಿಕಾರ ಇರಬಾರದು, ಹಿರಿಯರ ಸಭೆ ಕೂಡಿ ತೀರ್ಮಾನಿಸಬೇಕು ಎನ್ನುವವರು ಅವರು. ಅವರಿಗೆ ಬಿಷಪ್ ಪದವಿಯೇ ಬೇಡ, ಇನ್ನು ಬಿಷಪ್‌ಗಳ ಮೇಲೊಬ್ಬ ಎಲ್ಲಿಂದ ಬಂದ? 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟಣೆ ಪೋಪ್‌ರನ್ನು ಕ್ರಿಸ್ತವಿರೋಧಿ ಎಂದೇ ಕರೆದಿತ್ತು. ಅಮೆರಿಕದ ಮುಖ್ಯ ಪ್ರೆಸ್ಬಿಟೇರಿಯನ್ ಸಭೆ 1903ರಲ್ಲಿ ಆ ಮಾತನ್ನು ತೆಗೆಯಿತು. ಎಲ್ಲ ಕಡೆ ಅದು ಹೋಗಿಲ್ಲ. 1988ರ ಅಕ್ಟೋಬರ್ 11ರಂದು ಯುರೋಪಿಯನ್ ಸಂಸತ್ತಿನಲ್ಲಿ 2ನೇ ಜಾನ್ ಪಾಲ್ ಮಾತಾಡುತ್ತಿದ್ದಾಗ ಉತ್ತರ ಐರ್ಲೆಂಡಿನ ಪಾದ್ರಿ ಮತ್ತು ರಾಜಕಾರಣಿ ಇಯಾನ್ ಪೇಸ್ಲಿ ಎದ್ದುನಿಂತು ಕ್ರಿಸ್ತವಿರೋಧಿ ಎಂದು ಕೂಗಿದರು. ಅಮೆರಿಕದ ವಿಸ್ಕಾನ್ಸಿನ್ ಸಿನೊಡ್ ಲೂಥರನ್ನರು ಇಂದಿಗೂ ಪೋಪ್ ಪದವಿಯ ಬಗ್ಗೆ ಇದನ್ನೇ ಬೋಧಿಸುತ್ತಾರೆ. ವ್ಯಕ್ತಿಯ ಮೇಲಿನ ದ್ವೇಷ ಎಂದು ಇದನ್ನು ನೋಡಬಾರದು. ಕ್ರಿಸ್ತನಿಗೆ ಸೇರಬೇಕಾದ ಜಾಗದಲ್ಲಿ ಒಂದು ಪದವಿ ಕೂತಿದೆ ಎಂಬ ಭಯ ಅದು. ಆ ಭಯಕ್ಕೆ ಉತ್ತರ ಕೊಡಬೇಕೇ ಹೊರತು ಅದನ್ನು ಹಳೇ ಕಾಲದ್ದು ಎಂದು ಬದಿಗಿಡಬಾರದು.

ಬ್ಯಾಪ್ಟಿಸ್ಟರು ಮತ್ತು ಸ್ವತಂತ್ರ ಸಭೆಗಳವರ ಪ್ರಶ್ನೆ ಇನ್ನೂ ಬೇರೆ. ಪ್ರತಿ ಸಭೆಯೂ ಕ್ರಿಸ್ತನ ಅಡಿಯಲ್ಲಿ ಸ್ವತಂತ್ರ, ಹೊರಗಿನ ಐಕ್ಯ ಅನಿವಾರ್ಯವೇ ಅಲ್ಲ ಎನ್ನುತ್ತಾರೆ. ಅವರಲ್ಲಿ ಅನೇಕರಿಗೆ ಪೋಪ್ ಗೌರವಿಸಬಹುದಾದ ನಾಯಕ, ಅಷ್ಟೇ. ಪೆಂಟೆಕೋಸ್ಟಲರ ಜೊತೆ ವ್ಯಾಟಿಕನ್ 1972ರಿಂದ ಅಧಿಕೃತವಾಗಿ ಮಾತಾಡುತ್ತಿದೆ. 2014ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ಕಸೆರ್ತಾಗೆ ಹೋಗಿ, ಹಿಂದೆ ಕ್ಯಾಥೋಲಿಕರು ಪೆಂಟೆಕೋಸ್ಟಲರಿಗೆ ಕೊಟ್ಟ ಹಿಂಸೆಗಾಗಿ ಕ್ಷಮೆ ಕೇಳಿದರು. ಆರ್ಥೊಡಾಕ್ಸರು ಪ್ರೊಟೆಸ್ಟೆಂಟರಲ್ಲ, ಆದರೆ ಅವರ ಉತ್ತರ ಎಲ್ಲರಿಗೂ ಮುಖ್ಯ: ರೋಮ್ ಸಮಾನರಲ್ಲಿ ಮೊದಲನೆಯದು, ಸಮಾನರ ಮೇಲಲ್ಲ.

ಕ್ಯಾಥೋಲಿಕರೂ ಒಂದೇ ದನಿಯಲ್ಲಿಲ್ಲ. ಐಕ್ಯ ಎಂದರೆ ಬಿಟ್ಟುಹೋದವರು ವಾಪಸ್ ಬರುವುದು ಎಂದು 1928ರಲ್ಲಿ 11ನೇ ಪಿಯುಸ್ ಹೇಳಿದ್ದೇ ಸರಿ ಎನ್ನುವವರು ಇದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆ ಬೇರೆಯವರನ್ನು ಅಗಲಿದ ಸಹೋದರರು ಎಂದು ಕರೆದ ಮೇಲೆ ಆ ಭಾಷೆ ಮುಗಿಯಿತು ಎನ್ನುವವರೂ ಇದ್ದಾರೆ. 2000ದಲ್ಲಿ ವ್ಯಾಟಿಕನ್ ಹೊರಡಿಸಿದ ದಾಖಲೆ ಪ್ರೊಟೆಸ್ಟೆಂಟ್ ಸಮುದಾಯಗಳು ನಿಜವಾದ ಅರ್ಥದಲ್ಲಿ ಸಭೆಗಳಲ್ಲ ಎಂದಾಗ ಎಷ್ಟು ಜನರ ಮನಸ್ಸು ನೊಂದಿತು! ದೇವಶಾಸ್ತ್ರದ ಲೆಕ್ಕದಲ್ಲಿ ಅದಕ್ಕೆ ವಿವರಣೆ ಇದೆ. ಆದರೆ ನೀವು ಸಭೆಯೇ ಅಲ್ಲ ಎಂದು ಕೇಳಿಸಿಕೊಂಡವರ ಬಳಿ ಮಾರನೇ ದಿನ ಐಕ್ಯದ ಮಾತಾಡುವುದು ಸುಲಭವಲ್ಲ.

ರೋಮ್ ಕೇಳಿದ ಪ್ರಶ್ನೆ

ಈ ಕಥೆಯಲ್ಲಿ ನನಗೆ ಭರವಸೆ ಕೊಡುವ ಸಂಗತಿ ಒಂದಿದೆ. ಪೋಪ್ ಅಡ್ಡಿಯಾಗಿದ್ದಾರೆ ಎಂದು ಪೋಪ್‌ಗಳೇ ಹೇಳಿದ್ದಾರೆ. ಐಕ್ಯದ ದಾರಿಯಲ್ಲಿ ಅತಿ ದೊಡ್ಡ ತಡೆ ಪೋಪ್ ಎಂದು 1967ರಲ್ಲಿ 6ನೇ ಪಾಲ್ ಹೇಳಿದರು. 1995ರಲ್ಲಿ 2ನೇ ಜಾನ್ ಪಾಲ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ತಮ್ಮ ಹೊಣೆಯ ಮುಖ್ಯ ಅಂಶವನ್ನು ಬಿಡದೆ ಅದನ್ನು ನಡೆಸುವ ಹೊಸ ರೀತಿ ಯಾವುದು, ನೀವೇ ನನ್ನ ಜೊತೆ ಯೋಚಿಸಿ ಎಂದು ಬೇರೆ ಸಭೆಗಳ ನಾಯಕರನ್ನೂ ದೇವಶಾಸ್ತ್ರಿಗಳನ್ನೂ ಕೇಳಿದರು. ಪೋಪ್ ಒಬ್ಬರು ತಮ್ಮ ಪದವಿಯ ಬಗ್ಗೆ ಹೊರಗಿನವರ ಸಲಹೆ ಕೇಳಿದ್ದು ದೊಡ್ಡ ವಿಷಯ.

ಬಂದ ಉತ್ತರಗಳನ್ನೂ ಹಲವು ದಶಕಗಳ ಮಾತುಕತೆಯ ದಾಖಲೆಗಳನ್ನೂ ಸೇರಿಸಿ 2024ರ ಜೂನ್ 13ರಂದು ವ್ಯಾಟಿಕನ್ನಿನ ಕ್ರೈಸ್ತ ಐಕ್ಯ ವಿಭಾಗ ಒಂದು ಅಧ್ಯಯನ ದಾಖಲೆ ಪ್ರಕಟಿಸಿತು. ಅದರಲ್ಲಿನ ಸಲಹೆಗಳು ಧೈರ್ಯದವು. 1870ರ ಬೋಧನೆಯನ್ನು ಇಂದಿನ ತಿಳಿವಳಿಕೆಯಲ್ಲಿ ಮತ್ತೆ ಓದಬೇಕು, ಅದಕ್ಕೆ ಅಧಿಕೃತ ವ್ಯಾಖ್ಯಾನ ಬೇಕು, ಬೇಕಿದ್ದರೆ ಮಾತುಗಳನ್ನೂ ಬದಲಿಸಬಹುದು. ರೋಮಿನ ಬಿಷಪ್, ಪಶ್ಚಿಮದ ಸಭೆಯ ಮುಖ್ಯಸ್ಥ, ಇಡೀ ಕ್ಯಾಥೋಲಿಕ್ ಸಭೆಯ ನಾಯಕ, ವ್ಯಾಟಿಕನ್ ದೇಶದ ಮುಖ್ಯಸ್ಥ, ಈ ಬೇರೆ ಬೇರೆ ಹೊಣೆಗಳನ್ನು ಕಲೆಸದೆ ಬಿಡಿಸಿ ನೋಡಬೇಕು. ಬೇರೆ ಸಭೆಗಳ ನಾಯಕರ ಜೊತೆ ನಿಯಮಿತವಾಗಿ ಸೇರಬೇಕು. ಇದು ಅಧ್ಯಯನ ದಾಖಲೆ ಮಾತ್ರ, ಕಾನೂನಲ್ಲ. ಆದರೆ ಇದನ್ನು ಪ್ರಕಟಿಸಲು ಫ್ರಾನ್ಸಿಸ್ ಒಪ್ಪಿಗೆ ಕೊಟ್ಟಿದ್ದರು. ಅವರ ನಂತರ ಬಂದ 14ನೇ ಲಿಯೋ, ಒಂದು ಕಾಲದಲ್ಲಿ ಲೂಥರ್ ಇದ್ದ ಅಗಸ್ಟೀನ್ ಸನ್ಯಾಸಿ ಪರಂಪರೆಯಿಂದಲೇ ಬಂದವರು. 2025ರ ನವೆಂಬರ್ 28ರಂದು ಟರ್ಕಿಯ ಇಜ್ನಿಕ್‌ನಲ್ಲಿ, ಅಲ್ಲೇ ನಡೆದಿದ್ದ ನಿಕೇಯ ಮಹಾಸಭೆಯ 1,700ನೇ ವರ್ಷದ ನೆನಪಿಗೆ ಕಾನ್‌ಸ್ಟಾಂಟಿನೋಪಲ್‌ನ ಧರ್ಮಗುರು ಬಾರ್ತಲೊಮಿಯೊ ಅವರ ಜೊತೆ ನಿಂತು ಪ್ರಾರ್ಥಿಸಿದರು. ನಿಕೇಯದ ವಿಶ್ವಾಸ ಪ್ರಮಾಣದಲ್ಲಿ ಪೋಪ್ ಇಲ್ಲ. ಅದನ್ನು ಕ್ಯಾಥೋಲಿಕ್, ಆರ್ಥೊಡಾಕ್ಸ್, ಲೂಥರನ್, ಆಂಗ್ಲಿಕನ್ ಎಲ್ಲರೂ ಹೇಳುತ್ತಾರೆ.

ಆದರೆ ಜನ ದಿನನಿತ್ಯ ನೋವು ಅನುಭವಿಸುವುದು ದಾಖಲೆಗಳಲ್ಲಲ್ಲ, ಪೀಠದ ಮುಂದೆ. 2015ರ ನವೆ‌ಂಬರ್ 15ರಂದು ಫ್ರಾನ್ಸಿಸ್ ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದರು. ಒಬ್ಬ ಲೂಥರನ್ ಮಹಿಳೆ ಎದ್ದು, ನನ್ನ ಗಂಡ ಕ್ಯಾಥೋಲಿಕ್, ನಾವು ಒಟ್ಟಿಗೆ ಪ್ರಸಾದ ಸ್ವೀಕರಿಸಲು ಯಾವಾಗ ಆಗುತ್ತದೆ ಎಂದು ಕೇಳಿದರು. ಅನುಮತಿ ಕೊಡುವ ಧೈರ್ಯ ನನಗಿಲ್ಲ ಎಂದರು ಫ್ರಾನ್ಸಿಸ್. ದೀಕ್ಷಾಸ್ನಾನ ಒಂದೇ, ಕರ್ತನೊಬ್ಬನೇ, ನಂಬಿಕೆ ಒಂದೇ. ಕರ್ತನ ಹತ್ತಿರ ಮಾತಾಡಿ, ಮುಂದೆ ಹೆಜ್ಜೆಯಿಡಿ ಎಂದೂ ಹೇಳಿದರು. ಪೂರ್ಣ ಅಧಿಕಾರ ಇರುವ ಮನುಷ್ಯನೇ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. 2018ರಲ್ಲಿ ಜರ್ಮನಿಯ ಬಹುಪಾಲು ಕ್ಯಾಥೋಲಿಕ್ ಬಿಷಪ್‌ಗಳು ಇಂಥ ದಂಪತಿಗಳಿಗಾಗಿ ಒಂದು ಮಾರ್ಗದರ್ಶಿ ಒಪ್ಪಿದಾಗ ಏಳು ಬಿಷಪ್‌ಗಳು ನೇರ ರೋಮಿಗೆ ಪತ್ರ ಬರೆದರು. ನೀವೇ ಒಮ್ಮತಕ್ಕೆ ಬನ್ನಿ ಎಂದಿತು ರೋಮ್ ಮೊದಲು. ಆಮೇಲೆ, ಈ ಪಠ್ಯ ಪ್ರಕಟಿಸುವಷ್ಟು ಪಕ್ವವಾಗಿಲ್ಲ ಎಂದಿತು. ಸ್ಥಳೀಯ ಬಿಷಪ್‌ಗಳಿಗೆ ಬಿಟ್ಟ ಪ್ರಶ್ನೆಯೂ ಕೊನೆಗೆ ರೋಮಿನ ಮೇಜಿಗೇ ಹೋಗುತ್ತದೆ ಎಂಬುದನ್ನು ಜರ್ಮನಿಯ ಪ್ರೊಟೆಸ್ಟೆಂಟರು ಕಣ್ಣಾರೆ ಕಂಡರು.

ಇಷ್ಟು ಹೇಳಿ ತಪ್ಪೆಲ್ಲ ರೋಮಿನದು ಎಂದು ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಕ್ಯಾಥೋಲಿಕರು ತಿರುಗಿಸಿ ಕೇಳುವ ಪ್ರಶ್ನೆಗೆ ಪ್ರೊಟೆಸ್ಟೆಂಟರ ಬಳಿ ನೇರ ಉತ್ತರ ಇಲ್ಲ: ನಾವು ಒಪ್ಪಂದ ಮಾಡಿಕೊಳ್ಳಬೇಕಾದದ್ದು ಯಾರ ಜೊತೆ? 2025ರ ಅಕ್ಟೋಬರ್ 3ರಂದು ಸಾರಾ ಮುಲ್ಲಾಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗಿ ಹೆಸರಿಸಲ್ಪಟ್ಟರು. ಎರಡು ವಾರದೊಳಗೆ ಗಾಫ್ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನ್ ಕೂಟ, ಕ್ಯಾಂಟರ್ಬರಿ ಕೇಂದ್ರಿತ ವ್ಯವಸ್ಥೆಯನ್ನೇ ತಾವು ಒಪ್ಪುವುದಿಲ್ಲ ಎಂದಿತು. ಸಲಿಂಗ ಸಂಬಂಧಗಳ ವಿಷಯದಲ್ಲಿ ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಸಭೆ 2019ರಿಂದ 2023ರ ನಡುವೆ ತನ್ನ ಸುಮಾರು ಕಾಲು ಭಾಗ ಸ್ಥಳೀಯ ಸಭೆಗಳನ್ನು ಕಳೆದುಕೊಂಡಿತು. ಜಗಳ ಬಂದಾಗ ಕೇಳಿಸಿಕೊಂಡು, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ತಡೆದು ನಿಲ್ಲಿಸುವ ಒಬ್ಬರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಬೈಬಲ್ ಮಾತ್ರ ಸಾಕು ಎನ್ನುವುದು ದೊಡ್ಡ ನಂಬಿಕೆ. ಆದರೆ ಅದೇ ಬೈಬಲ್ ಹಿಡಿದು ಎರಡು ಸಭೆಗಳು ಬೇರೆಯಾಗುವಾಗ ತೀರ್ಮಾನ ಯಾರದು ಎಂಬುದನ್ನು ಹೇಳಲೇಬೇಕು. ಮಹಿಳೆಯರ ದೀಕ್ಷೆಯ ವಿಷಯದಲ್ಲಂತೂ ದಾರಿ ಇನ್ನೂ ಉದ್ದವಾಗಿದೆ. ಅದು ತನ್ನ ಅಧಿಕಾರದಲ್ಲೇ ಇಲ್ಲ ಎಂದು 1994ರಲ್ಲಿ ರೋಮ್ ಹೇಳಿದೆ. ಮಹಿಳೆಯರಿಗೆ ದೀಕ್ಷೆ ಕೊಡುತ್ತಿರುವ ಹೆಚ್ಚಿನ ಲೂಥರನ್ ಮತ್ತು ಆಂಗ್ಲಿಕನ್ ಸಭೆಗಳು ಹಿಂದಕ್ಕೆ ಹೋಗುವ ಮಾತೇ ಇಲ್ಲ.

ಹೀಗಾಗಿ ಎಲ್ಲರೂ ಒಂದೇ ಸಂಸ್ಥೆಯಾಗುವ ದಿನವನ್ನು ನಾನು ಸದ್ಯಕ್ಕೆ ನಿರೀಕ್ಷಿಸುವುದಿಲ್ಲ. ನಿರೀಕ್ಷಿಸುವುದು ಇನ್ನೂ ಸಣ್ಣದು, ಆದರೆ ಗಟ್ಟಿಯಾದದ್ದು. 1530ರ ಜೂನ್ 25ರಂದು ಚಕ್ರವರ್ತಿ 5ನೇ ಚಾರ್ಲ್ಸ್ ಎದುರು ಲೂಥರನ್ನರು ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯನ್ನು ಓದಿದರು. ಬರೆದವರು ಮೆಲಾಂಕ್ಥಾನ್. ಅದರ 28 ವಿಧಿಗಳಲ್ಲಿ ಪೋಪ್‌ರ ಹಿರಿತನದ ಪ್ರಶ್ನೆಯನ್ನೇ ಅವರು ಎತ್ತಲಿಲ್ಲ, ಯಾಕೆಂದರೆ ಆಗಿನ್ನೂ ಸಭೆ ಒಡೆಯದೆ ಉಳಿಯಬಹುದು ಎಂಬ ಆಸೆ ಇತ್ತು. ಆ ದಾಖಲೆಗೆ 2030ಕ್ಕೆ 500 ವರ್ಷ ತುಂಬುತ್ತದೆ. ಲೂಥರನ್ ವಿಶ್ವ ಒಕ್ಕೂಟ ಮತ್ತು ವ್ಯಾಟಿಕನ್ ಅದನ್ನು ಒಟ್ಟಿಗೆ ಓದುವ ಮಾತಾಡುತ್ತಿವೆ. ಆ ಹೊತ್ತಿಗೆ ರೋಮ್, 2024ರ ಸಲಹೆಯಂತೆ, 1870ರ ಬೋಧನೆಗೆ ಒಂದು ಅಧಿಕೃತ ವ್ಯಾಖ್ಯಾನ ಬರೆಯಲಿ. ತನ್ನ ಜೊತೆ ಸೇರುವ ಸಭೆಯ ಬಿಷಪ್‌ರನ್ನು ಯಾರು ಆರಿಸುತ್ತಾರೆ, ಯಾವ ವಿಷಯದಲ್ಲಿ ಪೋಪ್ ಕೈಹಾಕುವುದಿಲ್ಲ ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಲಿ. ಲೂಥರನ್ನರೂ ಮೆಲಾಂಕ್ಥಾನ್ 1537ರಲ್ಲಿ ಸೇರಿಸಿದ ಆ ಸಾಲನ್ನು ಈಗ ನಾವು ಒಪ್ಪುತ್ತೇವೋ ಇಲ್ಲವೋ ಎಂದು ಸಭೆಗಳ ಮಟ್ಟದಲ್ಲಿ ಮತ ಹಾಕಿ ತಿಳಿಸಲಿ. ಈ ಎರಡು ಬರಹ ಮೇಜಿನ ಮೇಲೆ ಬಂದರೆ, ಗಂಡ ಕ್ಯಾಥೋಲಿಕ್, ಹೆಂಡತಿ ಲೂಥರನ್ ಆದ ಮನೆಯವರ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಮುಂದಿನ ಪೋಪ್‌ಗಾದರೂ ಬರಬಹುದು.